ಗೋಡೆ ಉಳಿಯಿತು, ಗಿರಣಿ ಹೋಯಿತು

ಮುಂಬಯಿಯ ಲೋವರ್ ಪರೇಲ್ ನಿಲ್ದಾಣದಲ್ಲಿ ಬೆಳಿಗ್ಗೆ ಲೋಕಲ್ ರೈಲಿನಿಂದ ಇಳಿಯುವ ಜನರನ್ನು ನೋಡಿದರೆ, ಇದು ಒಂದು ಕಾಲದಲ್ಲಿ ಬಟ್ಟೆ ಗಿರಣಿಗಳ ಊರಾಗಿತ್ತು ಎಂದು ನಂಬುವುದು ಕಷ್ಟ. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಆದರೆ ಅವರು ಹೋಗಿ ಸೇರುವ ಕಚೇರಿಗಳ ವಿಳಾಸ ಮಾತ್ರ ಹಳೆಯದು: ಕಮಲಾ ಮಿಲ್ಸ್, ಮಥುರಾದಾಸ್ ಮಿಲ್ಸ್, ರಘುವಂಶಿ ಮಿಲ್ಸ್, ತೋಡಿ ಮಿಲ್ಸ್. ಅರಳೆ ಮೂಟೆಗಳನ್ನು ಪೇರಿಸಿಡುತ್ತಿದ್ದ ಗೋದಾಮು ಈಗ ಜಾಹೀರಾತು ಸಂಸ್ಥೆ. ಮಗ್ಗಗಳು ಸದ್ದು ಮಾಡುತ್ತಿದ್ದ ಶೆಡ್ಡಿನಲ್ಲಿ ಈಗ ಕಂಪ್ಯೂಟರುಗಳ ಸಾಲು. ಗಾರೆ ಕಿತ್ತು ಇಟ್ಟಿಗೆಯನ್ನು ಬೇಕೆಂದೇ ಬಯಲಿಗಿಟ್ಟ ಗೋಡೆ, ಬಣ್ಣ ಬಳಿದ ಹಳೆಯ ಕಬ್ಬಿಣದ ಕಂಬ, ತೇಗದ ತೊಲೆ. ನೋಡುವವರಿಗೆ ಅಂದವೆನಿಸುತ್ತದೆ.

ಹಳೆಯ ಕಟ್ಟಡವನ್ನು ಕೆಡವದೆ ಹೊಸ ಕೆಲಸಕ್ಕೆ ಬಳಸುವುದು ತಪ್ಪೇನಲ್ಲ. ಕೆಡವಿ ಕಟ್ಟುವುದಕ್ಕಿಂತ ಅದು ಎಷ್ಟೋ ಮೇಲು ಎಂದು ನಾವೂ ಒಪ್ಪುತ್ತೇವೆ. ಆದರೆ ಇಲ್ಲೊಂದು ಪ್ರಶ್ನೆ ಇದೆ. ಗೋಡೆಗೆ ಎರಡನೆಯ ಬದುಕು ಸಿಕ್ಕಿತು. ಆ ಗೋಡೆಯ ಒಳಗೆ ಮೂರು ಪಾಳಿಗಳಲ್ಲಿ ಬೆವರು ಸುರಿಸಿದವರಿಗೆ ಏನು ಸಿಕ್ಕಿತು? ಮುಂಬಯಿಯ ಗಿರಣಿಗಳ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಇಂದು ಅಗತ್ಯವಾಗಿದೆ.

ಗಿರಣಗಾಂವ್ ಎಂಬ ಊರು

1854ರಲ್ಲಿ ಪಾರ್ಸಿ ವರ್ತಕ ಕಾವಸ್ಜಿ ನಾನಾಭಾಯಿ ದಾವರ್ ಎಂಬವರು ತಾರ್ದೇವದಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದರು. ಎರಡು ವರ್ಷಗಳ ಬಳಿಕ ಅಲ್ಲಿ ನೂಲು ತಯಾರಾಗತೊಡಗಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಮುಂಬಯಿಯ ಹತ್ತಿ ವ್ಯಾಪಾರಿಗಳ ಕೈಯಲ್ಲಿ ಹಣ ಹರಿದಾಡಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಆ ಬಳಿಕ ಒಂದರ ಹಿಂದೆ ಒಂದರಂತೆ ಗಿರಣಿಗಳು ಎದ್ದವು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅವುಗಳ ಸಂಖ್ಯೆ ಎಂಬತ್ತರ ಆಸುಪಾಸಿಗೆ ಮುಟ್ಟಿತ್ತು. ಪರೇಲ್, ಲಾಲ್‌ಬಾಗ್, ವರಳಿ, ಭಾಯಖಳಾ, ಶಿವಡಿಗಳನ್ನೊಳಗೊಂಡ ಈ ಪ್ರದೇಶಕ್ಕೆ ಜನ ಇಟ್ಟ ಹೆಸರು ಗಿರಣಗಾಂವ್. ಅಂದರೆ ಗಿರಣಿಗಳ ಊರು.

ಮಾಲೀಕರಲ್ಲಿ ಪಾರ್ಸಿಗಳಿದ್ದರು, ಗುಜರಾತಿ ಭಾಟಿಯಾಗಳಿದ್ದರು, ಬಗ್ದಾದಿನಿಂದ ಬಂದ ಯಹೂದಿ ಸಸೂನ್ ಮನೆತನದವರಿದ್ದರು. ಖೋಜಾ ಮುಸ್ಲಿಂ ವರ್ತಕ ಸರ್ ಕರೀಂಭಾಯಿ ಇಬ್ರಾಹಿಂ ಅವರ ಮನೆತನ ಒಂದು ಕಾಲಕ್ಕೆ ಮುಂಬಯಿಯ ಅತಿ ದೊಡ್ಡ ಗಿರಣಿ ಸಮೂಹಗಳಲ್ಲೊಂದನ್ನು ನಡೆಸುತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಆ ಸಮೂಹ ನೆಲಕಚ್ಚಿತು. ಬಂಡವಾಳಕ್ಕೆ ಒಂದೇ ಧರ್ಮ, ಒಂದೇ ಭಾಷೆ ಎಂಬುದಿರಲಿಲ್ಲ. ದುಡಿಮೆಗೂ ಇರಲಿಲ್ಲ.

ಕಟ್ಟಡದ ಒಳಗುಟ್ಟು

ಗಿರಣಿಯ ಕಟ್ಟಡಗಳು ಅಂದಕ್ಕಾಗಿ ಎದ್ದವಲ್ಲ. ಒಂದೊಂದು ಗೋಡೆಗೂ ಒಂದೊಂದು ಕಾರಣವಿತ್ತು. ಅರಳೆ ಎಂದರೆ ಬೆಂಕಿಗೆ ಕಾದು ಕೂತ ಸರಕು. ಆದ್ದರಿಂದ ಅರಳೆಯ ಗೋದಾಮನ್ನು ದಪ್ಪ ಗೋಡೆ ಕಟ್ಟಿ, ಕಿಟಕಿಗಳನ್ನು ಕಡಿಮೆ ಮಾಡಿ, ಉಳಿದ ಕಟ್ಟಡಗಳಿಂದ ದೂರವಿಡುತ್ತಿದ್ದರು. ಆವರಣದಲ್ಲೊಂದು ಕೆರೆಯೋ ಕೊಳವೋ ಇರುತ್ತಿತ್ತು. ಬಾಯ್ಲರಿಗೂ ಅದೇ ನೀರು, ಬೆಂಕಿ ಬಿದ್ದರೆ ಆರಿಸಲೂ ಅದೇ ನೀರು.

ನೂಲುವ ವಿಭಾಗ ಸಾಮಾನ್ಯವಾಗಿ ಹಲವು ಅಂತಸ್ತುಗಳದ್ದು. ಒಂದೇ ಉಗಿ ಯಂತ್ರದಿಂದ ಹಗ್ಗಗಳ ಮೂಲಕ ಪ್ರತಿ ಅಂತಸ್ತಿನ ಉದ್ದನೆಯ ಇರುಸುಗಳಿಗೆ, ಆ ಇರುಸುಗಳಿಂದ ಪಟ್ಟಿಗಳ ಮೂಲಕ ಪ್ರತಿಯೊಂದು ಯಂತ್ರಕ್ಕೆ ಶಕ್ತಿ ಹರಿಯುತ್ತಿತ್ತು. ನೇಯುವ ವಿಭಾಗದ ಮಗ್ಗಗಳ ಅದುರುವಿಕೆಯನ್ನು ಮೇಲಂತಸ್ತು ತಾಳಲಾರದು. ಹಾಗಾಗಿ ಅದಕ್ಕೆ ನೆಲಮಟ್ಟದಲ್ಲೇ ವಿಶಾಲವಾದ ಶೆಡ್ಡು. ಅದರ ಮಾಡು ಗರಗಸದ ಹಲ್ಲಿನಂತೆ. ಪ್ರತಿ ಹಲ್ಲಿನ ಉತ್ತರದ ಮುಖಕ್ಕೆ ಗಾಜು. ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಗಾಜಿನಲ್ಲಿ ಬಿಸಿಲು ನೇರವಾಗಿ ಒಳಬೀಳದೆ ತಿಳಿಯಾದ, ಸಮನಾದ ಬೆಳಕು ಬರುತ್ತದೆ. ನೇಕಾರನಿಗೆ ಕಡಿದ ಎಳೆ ಕಾಣಲು ಅದೇ ಬೆಳಕು ಬೇಕು. ಬೀಡುಕಬ್ಬಿಣದ ಕಂಬಗಳೂ ಯಂತ್ರಗಳೂ ಇಂಗ್ಲೆಂಡಿನಿಂದ ಹಡಗೇರಿ ಬಂದವು, ತೇಗದ ತೊಲೆಗಳು ಬರ್ಮಾದಿಂದ ಬಂದವು. ಸುತ್ತಲಿನ ಎಷ್ಟೋ ಚಾಳುಗಳ ಮಾಡಿಗೆ ಹೊದಿಸಿದ್ದು ನಮ್ಮ ಮಂಗಳೂರು ಹೆಂಚು.

ಇಷ್ಟನ್ನೆಲ್ಲ ಹೇಳಲು ಕಾರಣವಿದೆ. ಮಗ್ಗಕ್ಕೆ ಬೇಕಾದ ಎತ್ತರ, ಬೆಳಕು, ಅಡ್ಡಗೋಡೆಯಿಲ್ಲದ ಬಯಲು ನೆಲ, ಭಾರ ಹೊರುವ ಶಕ್ತಿ ಇವೆಲ್ಲ ಇಂದಿನ ಕಚೇರಿಗೂ ಬೇಕು. ಮಗ್ಗವನ್ನು ಹೊರಗೆ ಹಾಕಿದರೆ ಮೇಜು ಹಾಕಲು ಜಾಗ ಸಿದ್ಧ. ಎತ್ತರ ಹೆಚ್ಚಿರುವಲ್ಲಿ ಉಕ್ಕಿನ ಅಟ್ಟ ಕಟ್ಟಿ ಒಂದನ್ನು ಎರಡಾಗಿಸಬಹುದು. ಹವಾನಿಯಂತ್ರಣದ ಕೊಳವೆಗಳನ್ನು ಮಾಡಿನಡಿ ತೂಗುಹಾಕಬಹುದು. ಕಾರ್ಮಿಕನ ಅನುಕೂಲಕ್ಕಲ್ಲ, ನೂಲಿನ ಅನುಕೂಲಕ್ಕೆ ಕಟ್ಟಿದ ಕಟ್ಟಡ ಹೀಗೆ ನೂರು ವರ್ಷಗಳ ಬಳಿಕವೂ ಬೆಲೆ ಕಳೆದುಕೊಳ್ಳಲಿಲ್ಲ.

ಲಾಳಿಯೊಳಗಿನ ಜಾತಿ

ಗಿರಣಿಯಲ್ಲಿ ದುಡಿದವರಲ್ಲಿ ಹೆಚ್ಚಿನವರು ಕೊಂಕಣದ ರತ್ನಾಗಿರಿಯಿಂದ, ಘಟ್ಟದ ಮೇಲಿನ ಸಾತಾರಾದಿಂದ ಬಂದ ರೈತರ ಮಕ್ಕಳು. ಉತ್ತರ ಭಾರತದಿಂದ ಬಂದ ಮುಸ್ಲಿಂ ನೇಕಾರರದ್ದು ಇನ್ನೊಂದು ದೊಡ್ಡ ಗುಂಪು. ಮೋಮಿನ್ ಅಥವಾ ಅನ್ಸಾರಿ ಎಂದು ಕರೆದುಕೊಳ್ಳುವ ಜುಲಾಹಾ ಜನರು 1857ರ ದಂಗೆಯ ನಂತರದ ದಶಕಗಳಲ್ಲಿ ಆಜಂಗಢ, ಬನಾರಸ್, ಅಲಹಾಬಾದ್ ಕಡೆಯಿಂದ ಬಂದು ಮದನಪುರಾದಲ್ಲಿ ನೆಲೆಸಿದರು. ವಿಲಾಯತಿ ಬಟ್ಟೆ ಅವರ ಕೈಮಗ್ಗವನ್ನು ಮುರಿದಿತ್ತು. ಅದೇ ಕೈಯ ಹದ ಗಿರಣಿಯ ನೇಯ್ಗೆ ವಿಭಾಗದಲ್ಲಿ ಅವರಿಗೆ ಅನ್ನ ಕೊಟ್ಟಿತು.

ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ದಲಿತರಿಗೆ ಅದರ ಬಾಗಿಲು ಮುಚ್ಚಿತ್ತು. ಲಾಳಿಯೊಳಗಿನ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಹಾಕಿ, ಲಾಳಿಯ ಸಣ್ಣ ತೂತಿನಿಂದ ಎಳೆಯನ್ನು ಬಾಯಿಯಿಂದ ಹೀರಿ ಹೊರಗೆಳೆಯಬೇಕಿತ್ತು. ಒಬ್ಬ ದಲಿತನ ಬಾಯಿ ತಾಗಿದ ಲಾಳಿಯನ್ನು ತಾವು ಮುಟ್ಟುವುದಿಲ್ಲ ಎಂದು ಸವರ್ಣ ಕಾರ್ಮಿಕರು ಹಟ ಹಿಡಿದರು. ದಲಿತರು ಕಡಿಮೆ ಕೂಲಿಯ ನೂಲುವ ವಿಭಾಗಗಳಲ್ಲೇ ಉಳಿದರು. 1928ರಲ್ಲಿ ಆರು ತಿಂಗಳ ಮಹಾ ಮುಷ್ಕರ ನಡೆದಾಗ ಡಾ. ಬಾಬಾಸಾಹೇಬ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ಸಂಘಗಳ ಮುಂದಿಟ್ಟರು. ಮಾಲೀಕರ ವಿರುದ್ಧ ಎಲ್ಲರೂ ಒಂದಾಗಬೇಕಾದರೆ ನೇಯ್ಗೆ ವಿಭಾಗದ ಬಾಗಿಲು ದಲಿತರಿಗೂ ತೆರೆಯಬೇಕು ಎಂಬುದು ಅವರ ವಾದ.

ಗಿರಣಗಾಂವ್ ಸ್ವರ್ಗವಾಗಿತ್ತು ಎಂದು ನಾವು ಹೇಳುವುದಿಲ್ಲ. ಹತ್ತಿಯ ಧೂಳು ಶ್ವಾಸಕೋಶ ತಿನ್ನುತ್ತಿತ್ತು. ಒಂದೇ ಕೋಣೆಯಲ್ಲಿ ಹತ್ತು ಹದಿನೈದು ಜನ ಪಾಳಿಯಂತೆ ಮಲಗುತ್ತಿದ್ದರು. ಆದರೂ ಅಲ್ಲಿ ಒಂದು ಸಂಸ್ಕೃತಿ ಬೆಳೆಯಿತು. ಉತ್ತರ ಕರ್ನಾಟಕದವರಿಗೂ ಪರಿಚಿತವಾದ ಖಾನಾವಳಿಗಳನ್ನು ನಡೆಸಿ ಒಂಟಿ ಕಾರ್ಮಿಕರಿಗೆ ಊಟ ಹಾಕಿದವರು ಅದೇ ಚಾಳುಗಳ ಹೆಣ್ಣುಮಕ್ಕಳು. ದಲಿತ ಸಮುದಾಯದ ಅಣ್ಣಾಭಾವು ಸಾಠೆ ಮತ್ತು ಮುಸ್ಲಿಂ ಸಮುದಾಯದ ಅಮರ್ ಶೇಖ್ ಒಂದೇ ಕಲಾತಂಡದಲ್ಲಿ ನಿಂತು ಕಾರ್ಮಿಕರ ಹಾಡು ಹಾಡಿದರು. ಅಮರ್ ಶೇಖರ ಹುಟ್ಟುಹೆಸರು ಮೆಹಬೂಬ್ ಹುಸೇನ್ ಪಟೇಲ್. ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ಅವರ ಕಂಠವೇ ಒಂದು ಬಲವಾಗಿತ್ತು. ಮರಾಠಿ ನಾಡಿನ ಅಭಿಮಾನಕ್ಕೆ ಒಬ್ಬ ಮುಸ್ಲಿಂ ಶಾಹಿರ ದನಿಯಾದದ್ದು ಆಗ ಯಾರಿಗೂ ಅಚ್ಚರಿ ಎನಿಸಲಿಲ್ಲ.

ಮುಗಿಯದ ಮುಷ್ಕರ

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ ಏರಿಸಿ, ಬದಲಿ ಕಾರ್ಮಿಕರನ್ನು ಖಾಯಂ ಮಾಡಿ, 1946ರ ಕಾಯ್ದೆಯಡಿ ಒಂದೇ ಸಂಘಕ್ಕೆ ಕೊಟ್ಟ ಮಾನ್ಯತೆಯನ್ನು ರದ್ದುಪಡಿಸಿ ಎಂಬುದು ಬೇಡಿಕೆ. ಸರಕಾರ ಬಗ್ಗಲಿಲ್ಲ, ಮಾಲೀಕರೂ ಬಗ್ಗಲಿಲ್ಲ. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಸಾವಿರಾರು ಕುಟುಂಬಗಳು ಊರಿಗೆ ಮರಳಿದವು. ಉಳಿದವರು ಕಾವಲುಗಾರರಾದರು, ತರಕಾರಿ ಮಾರಿದರು. 1997ರ ಜನವರಿ 16ರಂದು ದತ್ತಾ ಸಾಮಂತರ ಹತ್ಯೆಯಾಯಿತು.

ಗಿರಣಿಗಳು ಸೊರಗಿದ್ದಕ್ಕೆ ಮುಷ್ಕರವೊಂದೇ ಕಾರಣವಲ್ಲ. ಹಳೆಯ ಯಂತ್ರಗಳನ್ನು ಬದಲಾಯಿಸಲು ಎಷ್ಟೋ ಮಾಲೀಕರು ಹಣ ಹೂಡಿರಲಿಲ್ಲ. ಅದೇ ಬಟ್ಟೆಯನ್ನು ಭಿವಂಡಿ, ಮಾಲೇಗಾಂವ್‌ಗಳ ವಿದ್ಯುತ್ ಮಗ್ಗಗಳಲ್ಲಿ ಅಗ್ಗದ ಕೂಲಿಗೆ ನೇಯಿಸಬಹುದಿತ್ತು. ಅಲ್ಲಿ ಸಂಘವಿರಲಿಲ್ಲ, ಭವಿಷ್ಯನಿಧಿಯಿರಲಿಲ್ಲ, ಪಾಳಿಗೆ ಮಿತಿಯಿರಲಿಲ್ಲ. ನೇಕಾರರು ಬಹುಪಾಲು ಮತ್ತದೇ ಅನ್ಸಾರಿಗಳು, ಜೊತೆಗೆ ತೆಲಂಗಾಣದ ಪದ್ಮಶಾಲಿಗಳು.

ಗಿರಣಿಗಳು ಮುಚ್ಚಿದ್ದರಿಂದಲೇ 1992-93ರ ಮುಂಬಯಿ ಗಲಭೆ ನಡೆಯಿತು ಎಂದರೆ ಅದು ಅವಸರದ ತೀರ್ಮಾನವಾದೀತು. ಆದರೆ ಒಂದೇ ಭೋಂಗಾ ಕೇಳಿ ಏಳುತ್ತಿದ್ದವರು, ಒಂದೇ ಸಂಘದ ಚಂದಾ ಕಟ್ಟುತ್ತಿದ್ದವರು ಬೇರೆ ಬೇರೆಯಾದ ಮೇಲೆ ಅವರನ್ನು ಧರ್ಮದ ಹೆಸರಿನಲ್ಲಿ ಎತ್ತಿಕಟ್ಟುವುದು ಸುಲಭವಾಯಿತು ಎಂಬುದನ್ನು ಅಲ್ಲಗಳೆಯಲಾಗದು.

ಒಂದು ಪದದ ಬೆಲೆ

ಇನ್ನು ಜಮೀನಿನ ವಿಚಾರ. ಮುಂಬಯಿಯ 58 ಗಿರಣಿಗಳ ಕೈಯಲ್ಲಿದ್ದದ್ದು ಸುಮಾರು 600 ಎಕರೆ. ಅದೂ ಊರಿನ ನಡುಮಧ್ಯೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೇ ನಿಯಮ ಒಂದು ನ್ಯಾಯವಾದ ಸೂತ್ರವನ್ನು ಮುಂದಿಟ್ಟಿತ್ತು. ಗಿರಣಿಯ ಜಮೀನನ್ನು ಅಭಿವೃದ್ಧಿಪಡಿಸುವುದಾದರೆ ಸ್ಥೂಲವಾಗಿ ಮೂರನೆಯ ಒಂದು ಭಾಗ ಮೈದಾನ, ಉದ್ಯಾನಗಳಿಗಾಗಿ ಮಹಾನಗರಪಾಲಿಕೆಗೆ, ಮೂರನೆಯ ಒಂದು ಭಾಗ ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿಯೂ ಈ ಜಮೀನನ್ನು ಬಿಡಿಬಿಡಿಯಾಗಿ ನೋಡದೆ ಇಡೀ ನಗರದ ಹಿತಕ್ಕೆ ಒಟ್ಟಾಗಿ ಯೋಜಿಸಿ ಎಂದು ಸಲಹೆ ಮಾಡಿತು.

ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿಯೂ ಇತ್ತು. ಈಗಾಗಲೇ ಇರುವ ಕಟ್ಟಡಗಳನ್ನು ವಾಣಿಜ್ಯಕ್ಕೂ ಬಳಸಬಹುದೆಂದು ಅದು ಹೇಳುತ್ತಿತ್ತು. ಹಂಚಬೇಕಾದದ್ದು ತೆರೆದ ಜಮೀನನ್ನು ಮಾತ್ರ. ಅಂದರೆ ಗೋದಾಮನ್ನು ಕೆಡವದೆ ಅದರೊಳಗೇ ಕಚೇರಿ ತೆರೆದರೆ ಅದರ ಅಡಿಯ ನೆಲವನ್ನು ಯಾರೊಂದಿಗೂ ಹಂಚಬೇಕಾಗಿರಲಿಲ್ಲ. ಇಂದು ನಾವು ಮೆಚ್ಚಿಕೊಳ್ಳುವ ಎಷ್ಟೋ ಇಟ್ಟಿಗೆಯ ಗೋಡೆಗಳು ಉಳಿದುಕೊಂಡದ್ದು ಪರಂಪರೆಯ ಮೇಲಿನ ಪ್ರೀತಿಯೊಂದರಿಂದಲೇ ಅಲ್ಲ, ಈ ಲೆಕ್ಕಾಚಾರದಿಂದಲೂ ಹೌದು.

2001ರಲ್ಲಿ ರಾಜ್ಯ ಸರಕಾರ ನಿಯಮಕ್ಕೆ ತಿದ್ದುಪಡಿ ತಂದಿತು. ಹಂಚಬೇಕಾದ ‘ತೆರೆದ ಜಮೀನು’ ಎಂದರೆ ಮೊದಲಿನಿಂದಲೂ ಖಾಲಿ ಇದ್ದ ಜಾಗ ಮಾತ್ರ, ಕಟ್ಟಡ ಕೆಡವಿದ ಮೇಲೆ ಖಾಲಿಯಾಗುವ ಜಾಗ ಅದರಲ್ಲಿ ಸೇರದು ಎಂಬ ಅರ್ಥ ಬಂತು. ಗಿರಣಿಗಳ ಆವರಣದ ತುಂಬ ಶೆಡ್ಡು, ಗೋದಾಮುಗಳೇ ಇದ್ದುದರಿಂದ ನಗರಕ್ಕೂ ಬಡವರ ವಸತಿಗೂ ಸಿಗಬೇಕಿದ್ದ ಪಾಲು ಕುಗ್ಗಿಹೋಯಿತು. ಒಂದು ಪದದ ಅರ್ಥ ಬದಲಾದದ್ದಕ್ಕೆ ಎಷ್ಟು ಕೋಟಿಯ ಬೆಲೆ ಎಂಬುದು 2005ರಲ್ಲಿ ತಿಳಿಯಿತು. ಆ ವರ್ಷ ರಾಷ್ಟ್ರೀಯ ಜವಳಿ ನಿಗಮ ತನ್ನ ಗಿರಣಿಗಳನ್ನು ಮಾರಿದಾಗ ಮುಂಬಯಿ ಟೆಕ್ಸ್‌ಟೈಲ್ ಮಿಲ್ ಒಂದೇ 702 ಕೋಟಿ ರೂಪಾಯಿಗೆ ಹೋಯಿತು.

ಪರಿಸರ ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬಯಿ ಮುಳುಗಿತು. ನಗರಕ್ಕೆ ಬಯಲು ನೆಲ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಹೋರಾಟಗಾರರ ವಾದವನ್ನು ಎತ್ತಿಹಿಡಿಯಿತು. ಆದರೆ 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗೆ ಸರಿಸಿತು. ಅಲ್ಲಿಂದಾಚೆಗೆ ಹಲವು ಗಿರಣಿಗಳು ನೆಲಸಮವಾಗಿ ಗಾಜಿನ ಗೋಪುರಗಳೆದ್ದವು. ಕೆಲವೆಡೆ ಚಿಮಣಿಯೊಂದನ್ನು ಮಾತ್ರ ನೆನಪಿಗೆ ಉಳಿಸಿಕೊಂಡರು.

ಹೊಸ ದುಡಿಮೆಗಾರರ ಪಾಡು

ಹೊಸ ಕಚೇರಿಗಳಿಗೆ ಬರುವವರೂ ದುಡಿಯುವವರೇ. ಅವರ ಜೀವಕ್ಕೆ ಇಲ್ಲಿ ಎಷ್ಟು ಬೆಲೆ ಎಂಬುದು 2017ರಲ್ಲಿ ಎರಡು ಬಾರಿ ಬಯಲಾಯಿತು. ಸೆಪ್ಟೆಂಬರ್ 29ರ ಬೆಳಿಗ್ಗೆ ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳನ್ನು ಕೂಡಿಸುವ ಕಿರಿದಾದ ಕಾಲುಸೇತುವೆಯ ಮೇಲೆ, ಮಳೆಗೆ ನಿಂತ ಜನರ ನಡುವೆ ನೂಕುನುಗ್ಗಲಾಗಿ 23 ಮಂದಿ ಸತ್ತರು. ಗಿರಣಿಗಳ ಕಾಲದಲ್ಲಿ ಹೆಚ್ಚಿನ ಕಾರ್ಮಿಕರು ನಡೆದೇ ಕೆಲಸಕ್ಕೆ ಹೋಗುತ್ತಿದ್ದರು; ಚಾಳು ಗಿರಣಿಯ ಪಕ್ಕದಲ್ಲೇ ಇತ್ತು. ಕಚೇರಿಗಳ ಕಾಲದಲ್ಲಿ ಜನ ಬರುವುದು ದೂರದ ಉಪನಗರಗಳಿಂದ. ಗೋದಾಮು ಕಚೇರಿಯಾಗಿ ಬದಲಾಯಿತು, ಸೇತುವೆ ಮಾತ್ರ ಬದಲಾಗಲಿಲ್ಲ.

ಮೂರು ತಿಂಗಳ ನಂತರ, ಡಿಸೆಂಬರ್ 29ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಮಲಾ ಮಿಲ್ಸ್ ಆವರಣದ ಕಟ್ಟಡವೊಂದರ ಮೇಲ್ಛಾವಣಿಯ ಎರಡು ರೆಸ್ಟೋರೆಂಟುಗಳಿಗೆ ಬೆಂಕಿ ಹತ್ತಿ 14 ಜನ ತೀರಿಕೊಂಡರು. ಅವರಲ್ಲಿ 11 ಮಂದಿ ಹೆಣ್ಣುಮಕ್ಕಳು. ಹೊರಗೆ ಹೋಗಲು ದಾರಿ ಕಾಣದೆ ಶೌಚಾಲಯದಲ್ಲಿ ಅಡಗಿ ಹೊಗೆಯಿಂದ ಉಸಿರುಕಟ್ಟಿ ಸತ್ತವರೇ ಹೆಚ್ಚು. ಬೆಂಕಿಯ ಭಯದಿಂದ ಅರಳೆಯ ಗೋದಾಮನ್ನು ದೂರವಿಡುತ್ತಿದ್ದ, ಆವರಣದಲ್ಲೇ ನೀರು ಕಾಪಿಡುತ್ತಿದ್ದ ಗಿರಣಿಗಳ ನೆಲದಲ್ಲಿ ಇದು ನಡೆಯಿತು. ನಾವು ಹಳೆಯ ಕಟ್ಟಡದ ಚಂದವನ್ನು ಉಳಿಸಿಕೊಂಡೆವು, ಅದರ ಎಚ್ಚರವನ್ನು ಬಿಟ್ಟುಬಿಟ್ಟೆವು.

ಲೆಕ್ಕ ಇನ್ನೂ ಬಾಕಿ

ಗಿರಣಿ ಕಾರ್ಮಿಕರು ಮಾತ್ರ ಹೋರಾಟ ಬಿಡಲಿಲ್ಲ. ಗಿರಣಿಯ ನೆಲದಲ್ಲಿ ತಮಗೊಂದು ಮನೆ ಬೇಕೆಂದು ಬೀದಿಗಿಳಿದರು. ಕೊನೆಗೆ 2012ರಲ್ಲಿ ವಸತಿ ಮಂಡಳಿ ಮ್ಹಾಡಾ ಲಾಟರಿ ಎತ್ತಿ ಮನೆ ಹಂಚಲು ತೊಡಗಿತು. ಮನೆಯ ಅಳತೆ 225 ಚದರ ಅಡಿ. ಅರ್ಜಿ ಹಾಕಿದ ಕಾರ್ಮಿಕರು ಮತ್ತು ವಾರಸುದಾರರು ಲಕ್ಷಕ್ಕೂ ಮೀರಿ, ಕೈಗೆ ಬಂದ ಮನೆಗಳು ಕೆಲವೇ ಸಾವಿರ. ಎಷ್ಟೋ ಜನರಿಗೆ ಚೀಟಿ ಬರುವ ಮೊದಲೇ ಆಯುಷ್ಯ ಮುಗಿಯಿತು.

ಇನ್ನೊಂದು ಬೆಳವಣಿಗೆ ನಮಗೆ ಸಮಾಧಾನ ತರುತ್ತದೆ. ಸಸೂನ್ ಮನೆತನದ ಗಿರಣಿಗಳಿಂದ ರೂಪುಗೊಂಡ ಇಂಡಿಯಾ ಯುನೈಟೆಡ್ ಮಿಲ್ಸಿನ ಆರನೆಯ ಗಿರಣಿ ದಾದರಿನಲ್ಲಿ, ಅಂಬೇಡ್ಕರರ ಚೈತ್ಯಭೂಮಿಯ ಹತ್ತಿರದಲ್ಲೇ ಇತ್ತು. ದಲಿತ ಸಂಘಟನೆಗಳ ದೀರ್ಘ ಹೋರಾಟದ ಫಲವಾಗಿ ಆ ಜಾಗ ಅಂಬೇಡ್ಕರ್ ಸ್ಮಾರಕಕ್ಕೆ ದಕ್ಕಿ 2015ರಲ್ಲಿ ಶಂಕುಸ್ಥಾಪನೆ ನಡೆಯಿತು. ಯಾರ ಬಾಯಿ ತಾಗಿದರೆ ಲಾಳಿ ಮೈಲಿಗೆಯಾಗುತ್ತದೆ ಎನ್ನುತ್ತಿದ್ದರೋ ಅವರ ಮಕ್ಕಳು ಗಿರಣಿಯ ನೆಲದಲ್ಲಿ ತಮ್ಮ ನಾಯಕನ ಹೆಸರನ್ನು ನಿಲ್ಲಿಸಿದರು. ಗಿರಣಿಯ ಜಾಗ ಮಾರುಕಟ್ಟೆಗೇ ಹೋಗಬೇಕೆಂಬ ಕಟ್ಟಳೆಯಿಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿತು.

ಭಿವಂಡಿಯ ಕಥೆಯೂ ತಿರುವು ಪಡೆದಿದೆ. ಮುಂಬಯಿಯ ಗೋದಾಮುಗಳು ಕಚೇರಿಗಳಾದ ಕಾಲಕ್ಕೇ ಭಿವಂಡಿಯ ಸುತ್ತ ಹೊಸ ಗೋದಾಮುಗಳ ಸಾಲೇ ಎದ್ದಿತು. ಕಂಪ್ಯೂಟರಿನಲ್ಲಿ ಬೆರಳೊತ್ತಿ ತರಿಸಿಕೊಳ್ಳುವ ಸರಕೆಲ್ಲ ಅಲ್ಲಿಂದ ಹೊರಡುತ್ತದೆ. 1970 ಮತ್ತು 1984ರ ಗಲಭೆಗಳನ್ನು ಕಂಡು, ಮಗ್ಗದ ಬಿಕ್ಕಟ್ಟುಗಳನ್ನು ಉಂಡ ಆ ಊರಿನಲ್ಲಿ ನೇಕಾರನ ಮಗ ಗುತ್ತಿಗೆಯ ಮೇಲೆ ಪೆಟ್ಟಿಗೆ ಎತ್ತುತ್ತಾನೆ. ಕಚೇರಿ ಮತ್ತು ಗೋದಾಮು ಬೇರೆ ಬೇರೆ ಲೋಕಗಳಂತೆ ಕಾಣುತ್ತವೆ. ಆದರೆ ಒಂದನ್ನು ಬಿಟ್ಟು ಇನ್ನೊಂದಿಲ್ಲ.

ನಮ್ಮ ನಾಡಿನ ಗಿರಣಿಗಳದ್ದೂ ದೂರದ ಕಥೆಯಲ್ಲ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. 1884ರಲ್ಲಿ ಆರಂಭವಾದ ಬೆಂಗಳೂರಿನ ಬಿನ್ನಿ ಮಿಲ್ಲಿನ ನೆಲದಲ್ಲಿ ವಸತಿ ಗೋಪುರಗಳೆದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿಗಳ ಸದ್ದಡಗಿತು. ಕಲಬುರಗಿಯ ಎಂ.ಎಸ್.ಕೆ. ಮಿಲ್, ಅಂದರೆ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಮಹಬೂಬ್ ಶಾಹಿ ಗಿರಣಿ, ಈಗ ಬಡಾವಣೆಯೊಂದರ ಹೆಸರು. ಆ ಮೂರು ಅಕ್ಷರಗಳನ್ನು ಬಿಡಿಸಿ ಹೇಳಬಲ್ಲವರು ಆ ಊರಿನಲ್ಲೇ ಎಷ್ಟು ಮಂದಿ ಇದ್ದಾರು?

ಹಳೆಯ ಗಿರಣಿ, ಗೋದಾಮು, ಹೆಂಚಿನ ಕಾರ್ಖಾನೆಗಳನ್ನು ಹೊಸ ಕೆಲಸಕ್ಕೆ ಬಳಸಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಳಸುವ ಮೊದಲು ಮೂರು ಲೆಕ್ಕ ಚುಕ್ತಾ ಆಗಲಿ. ಅಲ್ಲಿ ದುಡಿದವರಿಗೆ ಸಲ್ಲಬೇಕಾದ ಬಾಕಿ ಸಲ್ಲಲಿ. ಆ ನೆಲದಲ್ಲಿ ಊರಿಗೊಂದು ಪಾಲು ಸಿಗಲಿ. ಅಲ್ಲಿ ಇನ್ನು ಮುಂದೆ ದುಡಿಯುವವರಿಗೆ ಬೆಂಕಿ ಬಿದ್ದಾಗ ಹೊರಗೋಡುವ ಬಾಗಿಲು ತೆರೆದಿರಲಿ. ಹಾಗೆಯೇ, ಯಾವ ಗೋಡೆಯನ್ನು ಇಟ್ಟಿಗೆ ಕಾಣುವಂತೆ ಉಳಿಸಿಕೊಂಡಿರೋ ಆ ಗೋಡೆಯ ಮೇಲೆ, ಅದರ ಒಳಗೆ ಯಾರು ಏನು ದುಡಿದರು ಎಂದು ಬರೆದ ಒಂದು ಫಲಕವನ್ನಾದರೂ ತೂಗುಹಾಕಿ. ಅಲ್ಲಿ ಮೇಜಿನ ಮುಂದೆ ಕೂರುವ ಹುಡುಗ ಹುಡುಗಿಯರು ಅದನ್ನು ಓದಲಿ. ಎಂಟು ಗಂಟೆಯ ದುಡಿಮೆ, ವಾರದ ರಜೆ, ಭವಿಷ್ಯನಿಧಿಗಳನ್ನು ಇಂಥ ಗೋಡೆಗಳ ಒಳಗೇ ಜನ ಹೋರಾಡಿ ಗಳಿಸಿದ್ದರು ಎಂಬುದು ಅವರಿಗೂ ಗೊತ್ತಿರಬೇಕು.